ಹೆಬ್ಬೆರಳಿನ ಸುಣ್ಣ

ಎಡಗೈಯನ್ನು ದೊನ್ನೆಯ ಹಾಗೆ ಬಾಗಿಸಿ ಕಿವಿಯ ಹಿಂದೆ ಇಟ್ಟುಕೊಂಡು, ಎದುರಿಗೆ ನಿಂತವನ ಮುಖ ನೋಡದೆ ಮೊದಲು ಕಾಲು ನೋಡುತ್ತಿದ್ದರು ಅವರು. ಆ ಕೈಯ ಉಗುರುಗಳನ್ನು ಇನ್ನು ಕತ್ತರಿಸಲು ಜಾಗವಿಲ್ಲದಷ್ಟು ಒಳಗೆ ಕತ್ತರಿಸಿರುತ್ತಿದ್ದರು. ದಿನವಿಡೀ ತೊಳೆದು ತೊಳೆದು ಬೆರಳ ತುದಿಗಳೆಲ್ಲ ಬಿಳಿಚಿಕೊಂಡು ಸುಕ್ಕಾಗಿದ್ದವು. ಹತ್ತಿರ ಬಂದರೆ ಸ್ಪಿರಿಟ್ ವಾಸನೆ. ಶಿಡ್ಲಘಟ್ಟದ ಒಂದು ಆಸ್ಪತ್ರೆಯಲ್ಲಿ ಗಂಡು ನರ್ಸ್ ಆಗಿದ್ದರು. ಊರೆಲ್ಲ ‘ಬ್ರದರ್’ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಹೆಸರು ನನಗೆ ಗೊತ್ತಾದದ್ದು ಅವರು ತೀರಿಕೊಂಡ ದಿನ. ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೆ?

ಕಾಲು ಯಾಕೆ ನೋಡುತ್ತಿದ್ದರು ಎಂದು ಹೇಳಬೇಕು. ನಮ್ಮ ಕಡೆ ಉಚ್ಚೆ ಉರಿದರೆ ಅದು ಉಷ್ಣ. ಉಷ್ಣಕ್ಕೆ ಕಾಲಿನ ಹೆಬ್ಬೆರಳಿನ ಉಗುರಿಗೆ ಎಲೆಅಡಿಕೆಯ ಸುಣ್ಣ ಹಚ್ಚುವುದು. ಗಂಡಸರ ವೈದ್ಯಶಾಸ್ತ್ರ ಅಲ್ಲಿಗೆ ಮುಗಿಯುತ್ತದೆ. ಕಲ್ಲಾಗಿರಲಿ, ಕೀವಾಗಿರಲಿ, ಕ್ಯಾನ್ಸರ್ ಆಗಿರಲಿ, ಸುಣ್ಣ ಹಚ್ಚಿ ಎಳನೀರು ಕುಡಿದು ಮಲಗುತ್ತಾರೆ. ಆಸ್ಪತ್ರೆಗೆ ಬಂದರೂ ಬಾಯಲ್ಲಿ ‘ಸ್ವಲ್ಪ ಜ್ವರ’, ‘ಸ್ವಲ್ಪ ಸೊಂಟನೋವು’ ಎನ್ನುತ್ತಾರೆ. ಬ್ರದರ್ ಕೆಳಗೆ ನೋಡಿ, ಹೆಬ್ಬೆರಳು ಬೆಳ್ಳಗಿದ್ದರೆ ಎಲ್ಲ ತಿಳಿದುಕೊಳ್ಳುತ್ತಿದ್ದರು. ‘ಗಂಡಸು ಬಾಯಿ ಬಿಡಲ್ಲ ಕಣಪ್ಪ, ಅವನ ಹೆಬ್ಬೆರಳು ಬಿಡುತ್ತೆ’ ಎನ್ನುವುದು ಅವರ ಮಾತು.

ನಾನು ಮಂಡಿಕಲ್ ಕಡೆಯವನು, ಖಾಸಗಿ ಬಸ್ಸಿನ ಕಂಡಕ್ಟರ್. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ ಹೋಗುವುದು, ಮತ್ತೆ ವಾಪಸು ಬರುವುದು. ಹನ್ನೆರಡು ವರ್ಷದಿಂದ ಇದೇ. ದಾರಿಯಲ್ಲಿ ಗಂಡಸರ ಮೂತ್ರಾಲಯ ಹೇಗಿರುತ್ತದೆಂದು ಬಸ್ಸಿನವರನ್ನು ಕೇಳಬೇಕು. ಯಾವ ಊರಿನದು ಎಂದು ಹೇಳುವುದಿಲ್ಲ, ಹೇಳಿದರೆ ಉಳಿದ ಊರಿನವರು ತಮ್ಮದು ಚೆನ್ನಾಗಿದೆ ಅಂದುಕೊಂಡಾರು. ಬಾಗಿಲಲ್ಲೇ ಕಣ್ಣುರಿ ಶುರು. ಒಳಗೆ ಹೆಜ್ಜೆ ಇಟ್ಟರೆ ಚಪ್ಪಲಿ ನೆಲಕ್ಕೆ ಅಂಟುತ್ತದೆ. ಗೋಡೆಯ ಮೇಲೆ ಎಲೆಅಡಿಕೆಯ ಉಗುಳು, ಅದರ ಮೇಲೆ ‘ಗುಪ್ತರೋಗಗಳಿಗೆ ಖಚಿತ ಪರಿಹಾರ’ ಎನ್ನುವ ಹಳದಿ ಚೀಟಿ, ಚೀಟಿಯ ಮೇಲೆ ಮತ್ತೆ ಉಗುಳು. ಹೇಸಿಗೆಯಾಗಿ ನಾನು ಒಳಗೆ ಹೋಗುವುದನ್ನೇ ಬಿಟ್ಟೆ. ಹೋಗಬಾರದೆಂದರೆ ನೀರು ಕುಡಿಯಬಾರದು. ಬೇಸಿಗೆಯಲ್ಲೂ ಬೆಳಗಿನಿಂದ ಸಂಜೆಯವರೆಗೆ ಒಂದು ಲೋಟ ಕಾಫಿಯಲ್ಲೇ ಕಳೆಯುತ್ತಿದ್ದೆ, ಬಂದರೂ ಕಟ್ಟಿಕೊಂಡಿರುತ್ತಿದ್ದೆ.

ಮದುವೆಯಾಗಿ ಎರಡು ವರ್ಷವಾಗಿದ್ದಾಗ ಉರಿ ಶುರುವಾಯಿತು. ಆಮೇಲೆ ನೋವು. ಎಲ್ಲಿ ನೋವು ಎಂದು ಆಗ ಯಾರಿಗೂ ಹೇಳಲಿಲ್ಲ, ಈಗ ಬರೆಯುತ್ತೇನೆ: ಬೀಜಕ್ಕೂ ಗುದಕ್ಕೂ ನಡುವಿನ ಜಾಗದಲ್ಲಿ, ಒಳಗೆ. ಸೀಟಿನ ಮೇಲೆ ಕೂತರೆ ಕಲ್ಲಿನ ಮೇಲೆ ಕೂತ ಹಾಗೆ. ಗಳಿಗೆಗೊಮ್ಮೆ ಅವಸರ, ನಿಂತರೆ ನಾಲ್ಕು ಹನಿ. ನಮ್ಮ ಡ್ರೈವರಣ್ಣ ಆಂಧ್ರದ ಗಡಿಯವನು. ನಾನು ಸೀಟಿನ ಅಂಚಿನಲ್ಲಿ ಕೂರುವುದನ್ನು ನೋಡಿ, ‘ವೇಡಿ ಚೇಸಿಂದಿ ರಾ, ಉಷ್ಣ ಅಷ್ಟೇ’ ಎಂದು ತನ್ನ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದುಕೊಟ್ಟ. ಎರಡು ಹೆಬ್ಬೆರಳಿಗೂ ಹಚ್ಚಿಕೊಂಡೆ. ದಿನಾ ಹಚ್ಚಿಕೊಂಡೆ. ಓದಿದವನು ನಾನು, ಡಿಗ್ರಿ ಅರ್ಧಕ್ಕೆ ಬಿಟ್ಟಿದ್ದರೂ ಓದಿದವನೇ.

ಹೆಂಡತಿ ಚಿಂತಾಮಣಿಯವಳು. ಬಚ್ಚಲಿಗೆ ಹತ್ತು ಸಲ ಎದ್ದು ಹೋಗುವ ಗಂಡನನ್ನು ಕಂಡು ಏನಾಯಿತೆಂದು ಕೇಳಿದಳು. ಏನಿಲ್ಲ ಎಂದೆ. ಅವಳು ಅಣ್ಣನ ಹತ್ತಿರ ಹೇಳಿಕೊಂಡಳು. ನನ್ನ ಭಾವಮೈದ ಅಂದದ್ದು ಒಂದೇ ಮಾತು: ‘ಬಸ್ಸಿನೋನಲ್ವಾ, ಊರೂರಲ್ಲಿ ಇಳೀತಾನೆ. ಎಲ್ಲಿ ಅಂಟಿಸ್ಕೊಂಡ್ ಬಂದ್ನೋ.’ ಅಂದಿನಿಂದ ಅವಳು ಚಾಪೆ ಬೇರೆ ಹಾಸಿಕೊಂಡಳು. ತವರಿಗೆ ಹೋಗಿ ಸ್ವಲ್ಪ ದಿನ ಇದ್ದು ಬರ್ತೀನಿ ಎಂದು ಬಟ್ಟೆ ಮಡಿಸಿಡತೊಡಗಿದಳು. ಹೋದರೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ತಪ್ಪು ಮಾಡಿರಲಿಲ್ಲ, ಆದರೂ ಅದನ್ನು ಹೇಳಲು ಬಾಯಿ ಬರಲಿಲ್ಲ. ಹೇಳಬೇಕಾದರೆ ಎಲ್ಲಿ ನೋವು ಎನ್ನುವುದನ್ನೂ ಹೇಳಬೇಕಿತ್ತಲ್ಲ.

ಆಗ ನಾನು ಮಾಡಿದ ಕೆಲಸವನ್ನೂ ಹೇಳಿಬಿಡಬೇಕು. ಹಳದಿ ಚೀಟಿಯವನ ಹತ್ತಿರ ಹೋದೆ. ಲಾಡ್ಜಿನ ಒಂದು ರೂಮು, ಕಿಟಕಿಗೆ ಹೊದಿಕೆ ಕಟ್ಟಿ ಕತ್ತಲು ಮಾಡಿದ್ದ. ಟಾರಿನಂಥ ಕಪ್ಪು ಲೇಹ್ಯ ಕೊಟ್ಟ. ನೋವು ಎಲ್ಲಿ ಎಂದು ಕೇಳಿ, ‘ಒಳಗೆ ಗಂಟು ಕಟ್ಟಿದೆ, ಉಜ್ಜಿದ್ರೆ ಕರಗುತ್ತೆ’ ಎಂದ. ಅವನ ಉಗುರುಗಳು ಉದ್ದವಾಗಿದ್ದವು, ಕಿರುಬೆರಳಿನದಂತೂ ಕಪ್ಪು ತುಂಬಿಕೊಂಡು ಬಾಗಿತ್ತು. ಕೈಗೆ ಗ್ಲೌಸಿಲ್ಲ, ಮಣ್ಣಿಲ್ಲ. ಹಿಂದಿನಿಂದ ಬೆರಳು ಹಾಕಿ ಬಲವಾಗಿ ಉಜ್ಜಿದ. ನಾನು ದಿಂಬು ಕಚ್ಚಿಕೊಂಡು ಸುಮ್ಮನಿದ್ದೆ. ಥೂ. ಅವನಿಗಲ್ಲ, ಆ ದಿಂಬು ಕಚ್ಚಿಕೊಂಡವನಿಗೆ. ನಾಲ್ಕು ಜನರ ಮುಂದೆ ಒಂದು ಮಾತು ಹೇಳುವುದಕ್ಕಿಂತ ಅದೇ ಸಲೀಸು ಎನಿಸಿತ್ತು ನನಗೆ.

ಮಾರನೆಯ ದಿನ ಮಧ್ಯಾಹ್ನ ಚಿಕ್ಕಬಳ್ಳಾಪುರ ಬಿಡುವಾಗಲೇ ಚಳಿ ಹತ್ತಿತು. ಬಿಸಿಲಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಉಚ್ಚೆ ಪೂರ್ತಿ ಕಟ್ಟಿಹೋಗಿತ್ತು, ಕಿಬ್ಬೊಟ್ಟೆ ಬಿರಿಯುವ ಹಾಗೆ ಉಬ್ಬಿತ್ತು. ಟಿಕೆಟ್ ಮೆಷಿನ್ ಕೈಯಿಂದ ಬಿತ್ತು. ಶಿಡ್ಲಘಟ್ಟ ತಲುಪುತ್ತಿದ್ದಂತೆ ಡ್ರೈವರಣ್ಣ ಬಸ್ಸನ್ನು ನೇರವಾಗಿ ಆಸ್ಪತ್ರೆಯ ಗೇಟಿಗೆ ತಂದು ನಿಲ್ಲಿಸಿ, ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಬಿಟ್ಟ.

ಬ್ರದರ್ ನನ್ನ ಕಾಲು ನೋಡಿದರು.

‘ಎಷ್ಟು ದಿನದ ಸುಣ್ಣ ಇದು?’

ನಾನು ಏನೋ ಗೊಣಗಿದೆ. ಪಕ್ಕದ ಬೆಂಚಿನ ಮೇಲೆ ಮಕ್ಕಳನ್ನು ಎತ್ತಿಕೊಂಡ ಹೆಂಗಸರಿದ್ದರು. ಬ್ರದರ್ ಕೈಯನ್ನು ಕಿವಿಗೆ ಇಟ್ಟುಕೊಂಡು ಬಗ್ಗಿದರು.

‘ಜೋರಾಗಿ ಹೇಳು. ನಂಗೆ ಈ ಕಿವಿ ಕೇಳಲ್ಲ.’

‘ಹೋಗ್ತಿಲ್ಲ ಸಾರ್.’

‘ಏನು ಹೋಗ್ತಿಲ್ಲ? ಬಸ್ಸಾ?’

‘ಉಚ್ಚೆ ಹೋಗ್ತಿಲ್ಲ’ ಎಂದು ಕೂಗಿಬಿಟ್ಟೆ. ಇಡೀ ವರಾಂಡಾಕ್ಕೆ ಕೇಳಿತು. ಯಾರೂ ನಗಲಿಲ್ಲ. ಬೆಂಚಿನಲ್ಲಿದ್ದ ಮುದುಕಿಯೊಬ್ಬಳು ‘ಪಾಪ, ಬೇಗ ನೋಡಪ್ಪ ಅವನ್ನ’ ಎಂದಳು, ಅಷ್ಟೇ. ಇಷ್ಟು ದಿನ ನಾನು ಯಾರಿಗೆ ಹೆದರಿದ್ದೆನೋ ತಿಳಿಯಲಿಲ್ಲ.

ಡಾಕ್ಟರು ಬಂದು ನೋಡಿದರು. ಪ್ರಾಸ್ಟೇಟ್ ಗ್ರಂಥಿಗೆ ಸೋಂಕು ತಗಲಿ ಊದಿಕೊಂಡಿದೆ ಎಂದರು. ಯಾರಾದರೂ ಉಜ್ಜಿದರಾ ಎಂದು ಕೇಳಿದರು. ಹೌದು ಎಂದೆ. ಬ್ರದರ್ ಮುಖ ಆಗ ನೋಡಬೇಕಿತ್ತು, ಹಳಸಿದ ಸಾರು ಬಾಯಿಗಿಟ್ಟವರ ಹಾಗೆ ಆಗಿತ್ತು.

‘ಥೂ ನಿನ್ನ. ಕೀವು ಕಟ್ಟೋ ಜಾಗನ ಯಾರಾದ್ರೂ ಹಿಸುಕ್ತಾರೇನೋ? ಆ ನಂಜು ರಕ್ತಕ್ಕೆ ಹತ್ತಿದ್ರೆ ಉಳೀತಿದ್ದಾ ನೀನು? ಉಜ್ಜಿದೋನು ಯಾವೂರೋನೋ, ಉಜ್ಜಿಸ್ಕೊಂಡೋನಿಗೆ ಬುದ್ಧಿ ಬೇಡ್ವಾ?’

ಬೈಯುತ್ತಲೇ ಹತ್ತಿಗೆ ಸ್ಪಿರಿಟ್ ಹಾಕಿ, ಬೇರೆ ಎಲ್ಲ ಕೆಲಸಕ್ಕೆ ಮೊದಲು, ಬಗ್ಗಿ ಕೂತು ನನ್ನ ಎರಡು ಹೆಬ್ಬೆರಳಿನ ಸುಣ್ಣ ಒರೆಸಿದರು. ಆಮೇಲೆ ಕೈ ತೊಳೆದು, ಡಾಕ್ಟರು ಹೇಳಿದಂತೆ ತೆಳುವಾದ ಪೈಪು ಹಾಕಿದರು. ನನಗೆ ಗೊತ್ತೇ ಆಗದಷ್ಟು ಮೆತ್ತಗೆ. ಪೈಪಿನ ತುದಿಗೆ ಕಟ್ಟಿದ ಚೀಲ ತುಂಬುತ್ತ ಬಂದ ಹಾಗೆ ನನ್ನ ಕಣ್ಣಲ್ಲೂ ನೀರು ಬಂತು. ‘ಅಳು, ಅದೂ ಕಟ್ಟಿಟ್ಕೋಬೇಡ’ ಎಂದರು.

ಹೆಂಡತಿ ಬಂದಳು. ಮೂರು ದಿನ ಸಲೈನು, ಇಂಜೆಕ್ಷನ್ನು ನಡೆಯುವಾಗ ಮಂಚದ ಪಕ್ಕ ಇದ್ದಳು, ಮುಖ ಮಾತ್ರ ಬಾಗಿಲ ಕಡೆ. ಮೂರನೆಯ ದಿನ ಉಚ್ಚೆ ಪರೀಕ್ಷೆಯ ಕಾಗದ ಬಂತು. ಬ್ರದರ್ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಬುಟ್ಟಿಯಲ್ಲಿ ಯಾರೋ ತಂದಿಟ್ಟಿದ್ದ ಬೆಟ್ಟದ ನೆಲ್ಲಿಕಾಯಿ ಒಂದನ್ನು ಕೈಗೆ ತೆಗೆದುಕೊಂಡರು.

‘ನೋಡಮ್ಮ. ಉಚ್ಚೆ ಚೀಲದ ಬಾಯಿ ಕೆಳಗೆ ಗಂಡಸರಿಗೆ ಇಷ್ಟು ದಪ್ಪ ಒಂದು ಗ್ರಂಥಿ ಇರುತ್ತೆ. ಉಚ್ಚೆ ನಳಿಕೆ ಇದರ ನಡುವೇನೇ ಹಾದುಹೋಗೋದು. ಇದು ಊದ್ಕೊಂಡ್ರೆ ನಳಿಕೆ ಅಮುಕಿಹೋಗುತ್ತೆ. ಅಷ್ಟೇ ಕಾಯಿಲೆ.’

ಅವಳು ತಲೆ ತಗ್ಗಿಸಿ ಏನೋ ಕೇಳಿದಳು. ಬ್ರದರ್ ಕಿವಿಗೆ ಕೈ ಇಟ್ಟರು. ‘ಜೋರಾಗಿ ಹೇಳಮ್ಮ, ಕೇಳಲ್ಲ.’

‘ಇದು ಬೇರೆ ಹೆಂಗಸರ ಸಹವಾಸದಿಂದ ಬರೋದಾ ಅಂತ ಕೇಳ್ದೆ’ ಎಂದಳು, ನನ್ನ ಮುಖ ನೋಡುತ್ತಲೇ.

‘ಸುಳ್ಳು ಹೇಳಲ್ಲ, ಒಂದೊಂದ್ಸಲ ಹಂಗೂ ಬರುತ್ತೆ. ಅದಕ್ಕೇ ಆ ಪರೀಕ್ಷೇನೂ ಮಾಡ್ಸಿದ್ವಿ. ಇವನಿಗೆ ಅದ್ಯಾವುದೂ ಇಲ್ಲ. ಸಿಕ್ಕಿರೋದು ಎಲ್ಲರ ಕರುಳಲ್ಲೂ ಇರೋ ಮಾಮೂಲಿ ಕ್ರಿಮಿ, ಅದು ದಾರಿ ತಪ್ಪಿ ಅಲ್ಲಿಗೆ ಹೋಗಿದೆ. ಇವನೇನೂ ದಾರಿ ತಪ್ಪಿಲ್ಲ. ನೀರು ಕುಡೀದೆ, ಬಂದಿದ್ದನ್ನ ಕಟ್ಕೊಂಡು, ಆಮೇಲೆ ಮುಚ್ಚಿಟ್ಟ, ಅದು ಇವನ ದಡ್ಡತನ. ಬೇಕಿದ್ರೆ ಅದಕ್ಕೆ ಎರಡು ಬಾರ್ಸು.’

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವತ್ತು ಸಂಜೆ ಫ್ಲಾಸ್ಕಿನಿಂದ ಗಂಜಿ ಬಗ್ಗಿಸಿ, ಆರಿಸಿ, ತಾನೇ ಕುಡಿಸಿದಳು. ನನ್ನ ಸಂಸಾರ ಉಳಿದದ್ದು ಆ ನೆಲ್ಲಿಕಾಯಿಯಿಂದ.

ಮನೆಗೆ ಕಳಿಸುವಾಗ ಡಾಕ್ಟರು ನಾಲ್ಕು ವಾರದ ಮಾತ್ರೆ ಬರೆದುಕೊಟ್ಟರು. ಎಂಟನೆಯ ದಿನಕ್ಕೆ ನೋವಿಲ್ಲ, ಉರಿಯಿಲ್ಲ. ಇಂಗ್ಲಿಷ್ ಮಾತ್ರೆ ಜಾಸ್ತಿ ನುಂಗಿದರೆ ಉಷ್ಣ ಎಂದು ಡ್ರೈವರಣ್ಣ ಹೇಳಿದ. ನಿಲ್ಲಿಸಿದೆ. ಎರಡು ದಿನ ಕಳೆದು ಬಸ್ಸು ಆಸ್ಪತ್ರೆ ಸ್ಟಾಪಿನಲ್ಲಿ ನಿಂತಾಗ ಬ್ರದರ್ ಗೇಟಿನಲ್ಲಿದ್ದರು. ‘ತೋರ್ಸು ಮಾತ್ರೆ ಶೀಟು’ ಎಂದರು. ತೋರಿಸಿದೆ. ಉಳಿದ ಮಾತ್ರೆ ಎಣಿಸಿದ ಮೇಲೆ ಮುಖದಲ್ಲಿ ಮತ್ತೆ ಅದೇ ಹಳಸಿದ ಸಾರು.

‘ನೋವು ಹೋಗಿದೆ, ಕ್ರಿಮಿ ಹೋಗಿಲ್ಲ ಕಣೋ. ಆ ಗ್ರಂಥಿ ಒಳಕ್ಕೆ ಮದ್ದು ಇಳಿಯೋದೇ ಕಷ್ಟ. ಅರ್ಧಕ್ಕೆ ಬಿಟ್ರೆ ಅದು ಅಲ್ಲೇ ಮನೆ ಮಾಡ್ಕೊಳುತ್ತೆ. ಆಮೇಲೆ ವರ್ಷಗಟ್ಟಲೆ ನರಳ್ತೀಯ.’

ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದರು, ಬಸ್ಸು ಕಾಯುತ್ತಿತ್ತು. ಅಲ್ಲೇ ಮೆಟ್ಟಿಲ ಮೇಲೆ ಒಂದು ಮಾತ್ರೆ ನುಂಗಿಸಿದರು. ಮಾರನೆಯ ದಿನದಿಂದ ಅದು ಪದ್ಧತಿಯೇ ಆಯಿತು. ಬೆಳಿಗ್ಗೆ ನಮ್ಮ ಬಸ್ಸು ಬರುವ ಹೊತ್ತಿಗೆ ಗೇಟಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತಿರುತ್ತಿದ್ದರು. ರೇಷ್ಮೆಗೂಡಿನ ಮೂಟೆ ಹಾಕಿಕೊಂಡ ರೈತರು, ಕಾಲೇಜು ಹುಡುಗಿಯರು, ಎಲ್ಲರೂ ತುಂಬಿದ ಬಸ್ಸು. ‘ನುಂಗು. ಬಾಟ್ಲಿ ಪೂರ್ತಿ ಖಾಲಿ ಮಾಡು. ಉಚ್ಚೆ ಸರಾಗವಾಗಿ ಹೋಗ್ತಿದೆಯಾ? ಜೋರಾಗಿ ಹೇಳು.’ ನಾನು ನೆಲ ಬಾಯಿ ಬಿಟ್ಟರೆ ಸಾಕು ಎಂದುಕೊಂಡು ‘ಹೋಗ್ತಿದೆ’ ಎನ್ನುತ್ತಿದ್ದೆ. ಒಂದು ವಾರದಲ್ಲಿ ದಿನದ ಪ್ಯಾಸೆಂಜರುಗಳಿಗೆ ಅಭ್ಯಾಸವಾಗಿ, ‘ಬೇಗ ನುಂಗಪ್ಪ, ಮಾರ್ಕೆಟ್ಟಿಗೆ ಹೊತ್ತಾಯ್ತು’ ಎನ್ನುವರು.

ಒಂದು ದಿನ ಬಸ್ಸು ಕೆಟ್ಟು ಶಿಡ್ಲಘಟ್ಟದಲ್ಲಿ ನಿಂತಾಗ ಅವರ ಜೊತೆ ಟೀ ಅಂಗಡಿಗೆ ಹೋದೆ. ಗಮನಿಸಿದೆ: ಎದುರು ಬರುವ ಗಂಡಸರು, ಅದರಲ್ಲೂ ಸ್ವಲ್ಪ ವಯಸ್ಸಾದವರು, ಇವರನ್ನು ಕಂಡೊಡನೆ ಮೊಬೈಲ್ ನೋಡುತ್ತಿದ್ದರು, ಇಲ್ಲವೇ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಮೂವತ್ತು ವರ್ಷ ಅದೇ ಊರಲ್ಲಿ ಕೆಲಸ ಮಾಡಿದವರಿಗೆ ಒಂದು ನಮಸ್ಕಾರವಿಲ್ಲ. ಯಾಕೆ ಹೀಗೆ ಎಂದು ಕೇಳಿದೆ.

‘ನಮಸ್ಕಾರ ಮಾಡಿದ್ರೆ ಪಕ್ಕದೋನು ಕೇಳ್ತಾನಲ್ಲಪ್ಪ, ಹೆಂಗೆ ಪರಿಚಯ ಅಂತ.’ ಟೀ ಆರಿಸಿಕೊಳ್ಳುತ್ತ ಅಂದರು. ಯಾರು ಯಾವಾಗ ಬಂದಿದ್ದರು, ಏನಾಗಿತ್ತು, ಒಂದು ಹೆಸರನ್ನೂ ಬಾಯಿ ಬಿಡಲಿಲ್ಲ. ‘ಮದುವೆಗೆ ಕರೆಯಲ್ಲ, ಗೃಹಪ್ರವೇಶಕ್ಕೆ ಕರೆಯಲ್ಲ. ಉಚ್ಚೆ ಕಟ್ಟಿದ್ರೆ ಮಾತ್ರ ಕರೀತಾರೆ. ಇರ್ಲಿ ಬಿಡು.’

ಎಂಥ ಹೇಸಿಗೆ ಜನ ಎಂದು ನನ್ನ ಮೈ ಉರಿಯಿತು. ಕೈ ಹಿಡಿದು ಎತ್ತಿದವರ ಮುಖ ನೋಡದ ಕೃತಘ್ನರು ಎಂದೆ. ಅವರು ನಕ್ಕರು.

ಅದಾಗಿ ನಾಲ್ಕನೆಯ ದಿನಕ್ಕೆ ಚಿಂತಾಮಣಿಯ ಛತ್ರದಲ್ಲಿ ನನ್ನ ನಾದಿನಿಯ ಮದುವೆ. ನಾನು ಹೊಸ ಷರ್ಟು ಹಾಕಿಕೊಂಡು ಭಾವಮೈದನ ಪಕ್ಕದಲ್ಲಿ, ಬಂದವರಿಗೆ ಪನ್ನೀರು ಚಿಮುಕಿಸುತ್ತ ನಿಂತಿದ್ದೆ. ನನಗಿದ್ದದ್ದು ಕಿಡ್ನಿಯ ಕಲ್ಲು ಎಂದು ಹೇಳಿ ಹೆಂಡತಿ ಅವನ ಬಾಯಿ ಮುಚ್ಚಿಸಿದ್ದಳು. ಕಲ್ಲು ಮರ್ಯಾದಸ್ಥರ ಕಾಯಿಲೆ. ಅಷ್ಟರಲ್ಲಿ ಬಾಗಿಲಲ್ಲಿ ಬ್ರದರ್. ಗಂಡಿನ ಕಡೆಯವರು ಅವರ ಬೀದಿಯವರಂತೆ, ಒಬ್ಬರಾದರೂ ಕರೆದಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ. ನನ್ನನ್ನು ಕಂಡು ಮುಖ ಅರಳಿತು, ಎರಡು ಹೆಜ್ಜೆ ಹತ್ತಿರ ಬಂದರು.

ನಾನು ಪನ್ನೀರುದಾನಿಯ ಮುಚ್ಚಳ ತಿರುಗಿಸುವುದಕ್ಕೆ ಶುರುಮಾಡಿದೆ. ತಲೆ ಎತ್ತಲಿಲ್ಲ.

‘ಯಾರು ಭಾವ ಅದು?’ ಎಂದ ಭಾವಮೈದ.

‘ಯಾರೋ ಪ್ಯಾಸೆಂಜರು’ ಎಂದೆ, ಮೆಲ್ಲಗೆ.

ಅವರು ಬಾಳೆಕಂಬದ ಹತ್ತಿರ ಒಂದು ಗಳಿಗೆ ನಿಂತು, ಊಟದ ಹಾಲಿಗೆ ಹೋಗದೆ, ಬಂದ ದಾರಿಯಲ್ಲೇ ಹೋದರು. ಕಿವಿ ಮಂದ, ಕೇಳಿಸಿರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೋಳಿಗೆ ಎರಡು ಸಲ ಹಾಕಿಸಿಕೊಂಡು ತಿಂದೆ.

ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತೇ ಇದ್ದರು. ಆದರೆ ಅವತ್ತು ಹತ್ತಿರ ಬಂದು, ಪಕ್ಕದವರಿಗೂ ಕೇಳದ ಹಾಗೆ, ‘ತಗೊಂಡ್ಯಾ?’ ಎಂದರು. ಗಂಟಲು ಕಟ್ಟಿರಬೇಕು ಎಂದುಕೊಂಡೆ. ಉಳಿದ ದಿನಗಳೂ ಹಾಗೇ, ಮೆಲ್ಲಗೆ. ಮಾತ್ರೆ ಮುಗಿದ ದಿನ ಮತ್ತೆ ಪರೀಕ್ಷೆ ಮಾಡಿಸಿ, ಕಾಗದ ನೋಡಿ, ‘ಕ್ಲೀನಾಗಿದೆ. ನೀರು ಕುಡಿ. ಬಂದಾಗ ಹೋಗು’ ಎಂದು ಬೆನ್ನು ತಟ್ಟಿ ಒಳಗೆ ಹೋದರು. ಮುಂದಿನ ಬೆಳಿಗ್ಗೆ ಗೇಟು ಖಾಲಿಯಿತ್ತು.

ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ಈಗ ಸ್ಕೂಲಿಗೆ ಹೋಗುತ್ತಾಳೆ. ಬ್ರದರನ್ನು ಮನೆಗೆ ಕರೆದು ಊಟ ಹಾಕಬೇಕು ಎಂದು ಹೆಂಡತಿ ಹೇಳುತ್ತಲೇ ಇದ್ದಳು. ನಾಮಕರಣಕ್ಕೆ ಕರೆಯೋಣ ಎಂದಳು, ಭಾವಮೈದ ಬರುತ್ತಾನೆ ಎಂದು ನಾನು ತಳ್ಳಿಹಾಕಿದೆ. ಹುಟ್ಟುಹಬ್ಬಕ್ಕೆ ಎಂದಳು, ತಳ್ಳಿದೆ. ಅವರು ರಿಟೈರಾದರು. ದಿನಕ್ಕೆರಡು ಸಲ ಅವರ ಊರಿನ ಮೇಲೆ ಹೋಗುತ್ತಿದ್ದೆ, ಒಂದು ದಿನವೂ ಇಳಿಯಲಿಲ್ಲ.

ಇಳಿದದ್ದು ಹೋದ ತಿಂಗಳು. ಆಸ್ಪತ್ರೆ ಸ್ಟಾಪಿನಲ್ಲಿ ಹತ್ತಿದ ಆಯಾ ಒಬ್ಬಳು, ಬ್ರದರ್ ಬೆಳಿಗ್ಗೆ ಹೋಗ್ಬಿಟ್ರಂತೆ, ಹಾರ್ಟು ಎಂದಳು. ಬ್ಯಾಗನ್ನು ಡ್ರೈವರಣ್ಣನ ಕೈಗೆ ಕೊಟ್ಟು ಇಳಿದೆ. ಮನೆ ಮುಂದೆ ಶಾಮಿಯಾನ, ಹೊರಗೆ ಚಪ್ಪಲಿ ರಾಶಿ. ಬೀದಿಯವರು, ನೆಂಟರು ಬಂದಿದ್ದರು. ಜಗುಲಿಯ ಮೇಲೆ ಮಲಗಿಸಿದ್ದರು. ಕೈಗಳನ್ನು ಎದೆಯ ಮೇಲೆ ಜೋಡಿಸಿ ಕಟ್ಟಿದ್ದರು, ಉಗುರು ಈಗಷ್ಟೇ ಕತ್ತರಿಸಿದಂತಿತ್ತು. ತಲೆಯ ಹತ್ತಿರ ಕೂತಿದ್ದ ಅವರ ಮಗಳಿಗೆ ಏನಾದರೂ ಹೇಳಬೇಕಲ್ಲ ಎಂದು, ‘ಕಿವಿ ಕೇಳದಿದ್ರೂ ಎಲ್ಲರ ಕಷ್ಟ ಕೇಳಿಸ್ಕೊಂಡೋರು ಕಣಮ್ಮ’ ಎಂದೆ.

ಅವಳು ಕಣ್ಣು ಒರೆಸಿಕೊಂಡು ನನ್ನನ್ನೇ ನೋಡಿದಳು. ‘ಅಪ್ಪಂಗಾ? ಕಿವಿಗೇನಾಗಿತ್ತು? ಪಕ್ಕದ ಮನೆ ಕುಕ್ಕರ್ ಎಷ್ಟು ಸಲ ಕೂಗ್ತು ಅಂತ ಇಲ್ಲಿಂದಾನೇ ಹೇಳೋರು.’

ಬಾಳೆಕಂಬದ ಹತ್ತಿರ ಅವರು ನಿಂತ ಆ ಒಂದು ಗಳಿಗೆ ನನ್ನ ಕಣ್ಣ ಮುಂದೆ ಬಂತು. ಕೇಳಿಸಿತ್ತು. ಕೇಳಿಸಿಕೊಂಡೂ ಮಾರನೆಯ ದಿನ ಬಾಟಲಿ ಹಿಡಿದು ನಿಂತಿದ್ದರು, ನನ್ನ ಮರ್ಯಾದೆಗೆಂದು ದನಿ ತಗ್ಗಿಸಿದ್ದರು. ನಾನು ಉಗುಳಿದ ಆ ಕೃತಘ್ನರ ಸಾಲಿನಲ್ಲಿ ನಾನೇ ಮೊದಲು ನಿಂತಿದ್ದೆ. ನನ್ನ ಮೇಲೆ ನನಗೆ ಆದ ಹೇಸಿಗೆಯ ಮುಂದೆ ಆ ಲಾಡ್ಜಿನ ರೂಮು ಏನೂ ಅಲ್ಲ.

ಶಾಮಿಯಾನದ ಕೆಳಗೆ ಗಂಡಸರು ಕೂತಿದ್ದರು. ನಡುವಿನ ಕುರ್ಚಿಯಲ್ಲಿ ಒಬ್ಬ ಹಿರಿಯರು, ಗರಿಗರಿ ಪಂಚೆ, ಹೆಗಲ ಮೇಲೆ ಶಲ್ಯ. ಊರಿನ ಯಜಮಾನರು ಎಂದು ನೋಡಿದರೇ ಗೊತ್ತಾಗುತ್ತಿತ್ತು. ನನ್ನ ಖಾಕಿ ಷರ್ಟು ನೋಡಿ, ‘ನೀವು ಬಸ್ಸಿನೋರಲ್ವಾ? ಇವರು ಹೆಂಗೆ ಪರಿಚಯ?’ ಎಂದರು.

ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ ಹೇಳಿದೆ. ‘ನಂಗೆ ಪ್ರಾಸ್ಟೇಟಿಗೆ ಸೋಂಕಾಗಿ ಉಚ್ಚೆ ಕಟ್ಟಿತ್ತು. ಇವರು ಪೈಪ್ ಹಾಕಿ ಬದುಕಿಸಿದ್ರು. ಮುಗಿಯೋವರೆಗೂ ದಿನಾ ಗೇಟಲ್ಲಿ ನಿಂತು ಮಾತ್ರೆ ನುಂಗಿಸಿದ್ರು. ಇವರಿಂದ ನನ್ನ ಹೆಂಡ್ತಿ ನನ್ನ ಮನೇಲಿದಾಳೆ, ನಂಗೊಂದು ಮಗಳಿದಾಳೆ.’

ಒಬ್ಬರು ಮೊಬೈಲ್ ತೆಗೆದರು. ನಾನು ಅವರ ಮುಖಗಳನ್ನು ನೋಡುವುದು ಬಿಟ್ಟು ಕಾಲುಗಳನ್ನು ನೋಡಿದೆ. ಎಲ್ಲರದೂ ಬರಿಗಾಲು. ಯಜಮಾನರ ಎರಡು ಹೆಬ್ಬೆರಳಿನ ಉಗುರುಗಳೂ ಬೆಳ್ಳಗಿದ್ದವು. ನನ್ನ ನೋಟ ಕಂಡು ಪಂಚೆಯ ಅಂಚು ಕೆಳಗೆ ಎಳೆದುಕೊಂಡರು.

ಮಣ್ಣು ಮುಗಿಸಿ ಬಂದು ನಾನು ಗೇಟಿನ ಹತ್ತಿರ ಚಪ್ಪಲಿ ಹುಡುಕುವಾಗ ಆ ಯಜಮಾನರು ಪಕ್ಕಕ್ಕೆ ಬಂದರು. ಆಚೀಚೆ ನೋಡಿ, ಶಲ್ಯವನ್ನು ಬಾಯಿಗೆ ಅಡ್ಡ ಹಿಡಿದು, ಉಸಿರಲ್ಲೇ ಏನೋ ಕೇಳಿದರು. ನನಗೆ ಚೆನ್ನಾಗಿಯೇ ಕೇಳಿಸಿತು.

ನಾನು ಎಡಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡೆ.

‘ಜೋರಾಗಿ ಹೇಳಿ ಯಜಮಾನ್ರೇ. ನಂಗೆ ಈ ಕಿವಿ ಕೇಳಲ್ಲ.’